ನಿಂತ ಪಂಪಿನ ಪರೀಕ್ಷೆ: ಪೀಣ್ಯದ ಒಂದು ವೈಬ್ರೇಶನ್ ತಪಾಸಣಾ ಸೇವೆಯ ವಿಮರ್ಶೆ

ಬೊಮ್ಮಸಂದ್ರದಲ್ಲಿರುವ ನಮ್ಮ ಕಾರ್ಖಾನೆಯ ಕೂಲಿಂಗ್ ಟವರಿನ ವರ್ಟಿಕಲ್ ಟರ್ಬೈನ್ ಪಂಪುಗಳಲ್ಲಿ (ಮೋಟಾರ್ ಮೇಲೆ, ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರ್ ಕೆಳಗೆ ನೀರಿನಲ್ಲಿರುವ ಪಂಪುಗಳು) ಒಂದು, ಮೋಟಾರ್ ಬದಲಾಯಿಸಿದ ಮೇಲೆ ಅತಿಯಾಗಿ ನಡುಗತೊಡಗಿತ್ತು. ಮೊದಲು ಬಂದ ಸಂಸ್ಥೆಯವರು ಬೇರಿಂಗ್ ಬದಲಿಸಿದರು, ರೋಟರನ್ನು ಬ್ಯಾಲೆನ್ಸ್ ಮಾಡಿಸಿದರು, ಅದರಿಂದಲೂ ಗುಣ ಕಾಣದಾಗ ಪಂಪನ್ನೇ ಸಂಪಿನಿಂದ ಎತ್ತಿ ಇಂಪೆಲ್ಲರ್ ನೋಡಬೇಕೆಂದರು. ಕ್ರೇನ್ ತರಿಸಿ, ಶೆಡ್ಡಿನ ಶೀಟು ಬಿಚ್ಚಿ, ಕಾಲಮ್ ಪೈಪುಗಳನ್ನು ಒಂದೊಂದಾಗಿ ಕಳಚುವ ಆ ಕೆಲಸಕ್ಕೆ ಕೈಹಾಕುವ ಮೊದಲು ಇನ್ನೊಬ್ಬರನ್ನೂ ಕೇಳಿ ನೋಡೋಣವೆಂದು ಪೀಣ್ಯದ ಒಂದು ಸಣ್ಣ ತಂಡವನ್ನು ಕರೆಸಿದೆವು.

ಫೋನಿನಲ್ಲಿಯೇ ಅವರು ಕೇಳಿದ ಪ್ರಶ್ನೆಗಳು ನನಗೆ ಹಿಡಿಸಿದವು. ಹಳೆಯ ಮೋಟಾರಿನ ತೂಕವೆಷ್ಟು, ಹೊಸದರದ್ದೆಷ್ಟು, ಡಿಸ್ಚಾರ್ಜ್ ಪೈಪಿಗೆ ಹತ್ತಿರದ ಸಪೋರ್ಟ್ ಎಲ್ಲಿದೆ, ಪಂಪು ಕೂತಿರುವ ಬೇಸ್ ಪ್ಲೇಟಿನ ಕೆಳಗೆ ಸಂದು ತುಂಬುವ ಗಾರೆ, ಅಂದರೆ ಗ್ರೌಟ್, ಯಾವಾಗ ಹಾಕಿದ್ದು ಎಂಬುದನ್ನೆಲ್ಲ ಮೊದಲೇ ಬರೆದುಕೊಂಡರು. ಹೊಸ ಮೋಟಾರ್ ವಿದ್ಯುತ್ ದಕ್ಷತೆಯಲ್ಲಿ ಐಇ3 ದರ್ಜೆಯದು, ಹಳೆಯದಕ್ಕಿಂತ ಸಾಕಷ್ಟು ಭಾರ. ಅದುವರೆಗೆ ಆ ಸಂಗತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವರ್ಟಿಕಲ್ ಪಂಪಿನಲ್ಲಿ ಮೋಟಾರ್ ಡಿಸ್ಚಾರ್ಜ್ ಹೆಡ್ಡಿನ, ಅಂದರೆ ಮೇಲೆ ಬಂದ ನೀರು ಹೊರಪೈಪಿಗೆ ತಿರುಗುವ ಭಾಗದ ಮೇಲೆ, ಬಿದಿರುಗಳದ ತುದಿಗೆ ಕಟ್ಟಿದ ತುಂಬು ಕೊಡದಂತೆ ಕೂತಿರುತ್ತದೆ. ಆದ್ದರಿಂದ ಕಂಪನ ಸಾಮಾನ್ಯವಾಗಿ ಮೋಟಾರಿನ ಮೇಲ್ತುದಿಯಲ್ಲಿಯೇ ಅತಿ ಹೆಚ್ಚು. ತಂಡದವರು ಅಲ್ಲಿ ಪೈಪಿನ ದಿಕ್ಕಿನಲ್ಲಿ ಒಂದು, ಅದಕ್ಕೆ ಅಡ್ಡಲಾಗಿ ಇನ್ನೊಂದು ರೀಡಿಂಗ್ ತೆಗೆದರು. ಪೈಪಿನ ದಿಕ್ಕಿನಲ್ಲಿ ಸೆಕೆಂಡಿಗೆ 4 ಮಿ.ಮೀ. ಇದ್ದದ್ದು ಅಡ್ಡ ದಿಕ್ಕಿನಲ್ಲಿ 11 ಇತ್ತು. 200 ಕಿಲೋವ್ಯಾಟ್‌ವರೆಗಿನ ಸಾಮಾನ್ಯ ಬಳಕೆಯ ಪಂಪುಗಳಿಗೆ ಐಎಸ್‌ಒ 10816-7 ಮಾನದಂಡದ ಪ್ರಕಾರ 5.1ರ ತನಕ ದೀರ್ಘಕಾಲ ಓಡಿಸಬಹುದು, 8.5 ದಾಟಿದರೆ ಹಾನಿಯ ಭಯವಿದೆ. ನಮ್ಮದು 75 ಕಿಲೋವ್ಯಾಟಿನದು. ಕಂಪನವನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ಮಿನಲ್ಲಿ ಎದ್ದು ಕಾಣುತ್ತಿದ್ದ ಗೆರೆ ಒಂದೇ, ಅದು 24.7 ಹರ್ಟ್ಸ್‌ನಲ್ಲಿ, ಅಂದರೆ ಪಂಪು ಓಡುವ 1480 ಆರ್‌ಪಿಎಂ ವೇಗದಲ್ಲಿಯೇ. ಹಿಂದಿನವರು ಈ ಗೆರೆಯನ್ನು ನೋಡಿಯೇ ಅನ್‌ಬ್ಯಾಲೆನ್ಸ್, ಅಂದರೆ ತಿರುಗುವ ಭಾಗದ ತೂಕದ ಅಸಮತೋಲ, ಎಂದು ತೀರ್ಮಾನಿಸಿದ್ದರು. ಆದರೆ ಅಸಮತೋಲ ನಿಜವಾಗಿಯೂ ದೊಡ್ಡದಿದ್ದರೆ ಎರಡು ದಿಕ್ಕುಗಳ ನಡುವೆ ಇಷ್ಟೊಂದು ಅಂತರವೇಕೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಈ ಸೇವೆಗೆ ಕೊಟ್ಟ ಹಣ ಸಾರ್ಥಕವಾದದ್ದು ಪಂಪನ್ನು ನಿಲ್ಲಿಸಿದ ಮೇಲೆ. ಸ್ವಿಚ್ ಆಫ್ ಮಾಡಿದ ಕ್ಷಣದಿಂದ ರೀಡಿಂಗ್ ಹೇಗೆ ಇಳಿಯುತ್ತದೆ ಎಂಬುದನ್ನು ಅವರು ದಾಖಲಿಸಿದರು. ಕರೆಂಟು ಹೋದೊಡನೆ ನಡುಕ ನಿಂತರೆ ದೋಷ ವಿದ್ಯುತ್ತಿನದು. ವೇಗದೊಂದಿಗೆ ನಿಧಾನವಾಗಿ ಇಳಿದರೆ ಅಸಮತೋಲದ ಅನುಮಾನ ಬಲವಾಗುತ್ತದೆ. ವೇಗ ತುಸು ಕುಸಿಯುತ್ತಲೇ ನಡುಕ ಅರ್ಧಕ್ಕಿಂತ ಕಡಿಮೆಯಾದರೆ ಅನುರಣನವನ್ನು (ರೆಸೊನೆನ್ಸ್), ಅಂದರೆ ಓಟದ ವೇಗ ಪಂಪಿನ ಸಹಜ ಆವರ್ತನಕ್ಕೆ ಹೊಂದಿಕೊಂಡು ನಡುಕ ಹೆಚ್ಚುವುದನ್ನು, ಶಂಕಿಸಬೇಕು. ನಮ್ಮಲ್ಲಿ ಆದದ್ದು ಮೂರನೆಯದು. ಆಮೇಲೆ ಮೋಟಾರಿನ ತಲೆಗೆ ಸೆನ್ಸರ್ ಅಂಟಿಸಿ, ರಬ್ಬರ್ ತುದಿಯ ಭಾರವಾದ ಸುತ್ತಿಗೆಯಿಂದ ಅಡ್ಡ ದಿಕ್ಕಿನಲ್ಲಿ ಹೊಡೆದರು. ಪರದೆಯ ಮೇಲೆ ಅಲೆ ಮೆಲ್ಲಗೆ ಅಡಗುತ್ತ ಹೋಯಿತು. ಆ ದಿಕ್ಕಿನ ಸಹಜ ಆವರ್ತನ, ಅಂದರೆ ಹೊಡೆದು ಬಿಟ್ಟಾಗ ತಾನಾಗಿ ನಡುಗುವ ಆವರ್ತನ, ಸುಮಾರು 26 ಹರ್ಟ್ಸ್, ಓಟದ ವೇಗಕ್ಕೆ ಬಹುತೇಕ ಅಂಟಿಕೊಂಡಂತೆಯೇ ಇತ್ತು. ಎರಡರ ನಡುವೆ ಶೇ. 20ರಷ್ಟಾದರೂ ಅಂತರವಿರಬೇಕೆಂಬುದು ರೂಢಿ. ತೂಕ ಹೆಚ್ಚಿದರೆ ಈ ಆವರ್ತನ ಇಳಿಯುತ್ತದೆ, ಬಿಗಿ ಕಡಿಮೆಯಾದರೂ ಇಳಿಯುತ್ತದೆ. ಹೊಸ ಮೋಟಾರಿನ ತೂಕ ಅರ್ಧ ಕಾರಣವಾದರೆ ಉಳಿದರ್ಧ ಕೆಳಗಿತ್ತು: ಬೇಸ್ ಪ್ಲೇಟಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದಾಗ ಎರಡು ಮೂಲೆಗಳಲ್ಲಿ ಟೊಳ್ಳು ಸದ್ದು ಬಂತು.

ಅವರ ಸಲಹೆಯಂತೆ ಕುಗ್ಗದ ಗ್ರೌಟ್ ಹಾಕಿಸಿ, ಡಿಸ್ಚಾರ್ಜ್ ಹೆಡ್ಡಿನ ಬದಿಗಳಿಗೆ ಉಕ್ಕಿನ ಪಟ್ಟಿ ವೆಲ್ಡ್ ಮಾಡಿಸಿದೆವು. ಮತ್ತೆ ಹೊಡೆದು ನೋಡಿದಾಗ ಆವರ್ತನ 31 ಹರ್ಟ್ಸ್‌ಗೆ ಏರಿತ್ತು, ಮೋಟಾರಿನ ಮೇಲಿನ ಕಂಪನ 3ರ ಆಸುಪಾಸಿಗೆ ಬಂದಿತ್ತು. ಇಂಪೆಲ್ಲರನ್ನು ಯಾರೂ ಮುಟ್ಟಲಿಲ್ಲ.

ಕೊರತೆಗಳೂ ಇವೆ. ಪೀಣ್ಯದಿಂದ ಬೊಮ್ಮಸಂದ್ರವೆಂದರೆ ಊರಿನ ಈ ತುದಿಯಿಂದ ಆ ತುದಿ. ತಡವಾಗಿ ಬರುವುದನ್ನು ಸಹಿಸಬಹುದು, ಆದರೆ ತಡವಾದ ಗಂಟೆಗಳನ್ನೂ ಬಿಲ್ಲಿಗೆ ಸೇರಿಸಿದ್ದು ಸರಿಯಲ್ಲ. ವರದಿಯ ತುಂಬ ಗ್ರಾಫುಗಳೇ ತುಂಬಿದ್ದು, ಗ್ರೌಟಿನ ಮಾತು ಕೊನೆಯ ಪುಟದಲ್ಲಿ ಎರಡು ಸಾಲಿಗೆ ಮುಗಿದಿದೆ. ಸಂಪಿನ ನೀರಿನ ಮಟ್ಟ, ಪಂಪು ನೀರು ಎಳೆದುಕೊಳ್ಳುವ ಬಾಯಾದ ಬೆಲ್‌ಮೌತಿನ ಹತ್ತಿರ ಸುಳಿ ಏಳುತ್ತದೆಯೇ ಎಂಬುದನ್ನು ಅವರು ನೋಡಲೇ ಇಲ್ಲ. ನಮ್ಮಲ್ಲಿ ಅದು ಬೇಕಾಗಲಿಲ್ಲ. ಆದರೆ ನೀರಿನಡಿಯಿಂದ ಕಲ್ಲು ಉರುಳಿದಂತೆ ಗರಗರ ಸದ್ದು ಬರುವ ಪಂಪಿಗೆ, ಅಂದರೆ ನೀರಿನಲ್ಲಿ ಆವಿಯ ಗುಳ್ಳೆಗಳೆದ್ದು ಒಡೆಯುವ ಕ್ಯಾವಿಟೇಶನ್ನಿನ ಶಂಕೆಯಿರುವಲ್ಲಿ, ಇವರನ್ನಷ್ಟೇ ನಂಬಿ ಕೂರುವುದು ಸಾಲದು.

ಕರೆಸುವವರು ಒಂದು ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು. ಪ್ರೊಡಕ್ಷನ್ ವಿಭಾಗದಿಂದ ಪಂಪು ನಿಲ್ಲಿಸಲು ಕನಿಷ್ಠ ಎರಡು ಗಂಟೆಯ ಅನುಮತಿ ಪಡೆದಿರಬೇಕು, ಸ್ಟ್ಯಾಂಡ್‌ಬೈ ಪಂಪು ಓಡುವ ಸ್ಥಿತಿಯಲ್ಲಿರಬೇಕು. ಸುತ್ತಿಗೆಯ ಪರೀಕ್ಷೆಯ ವೇಳೆಗೆ ಪಕ್ಕದ ಪಂಪನ್ನೂ ಸ್ವಲ್ಪ ಹೊತ್ತು ನಿಲ್ಲಿಸಲು ಸಾಧ್ಯವಾದರೆ ರೀಡಿಂಗ್ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ.