ಶಿರಾಕಾವಾಗೋ, ಮಿಯಾಮಾ, ಐನೋಕುರಾ: ಹುಲ್ಲುಮನೆಗಳ ಊರು ನೋಡಲು ಎಲ್ಲಿಗೆ ಹೋಗಬೇಕು?

ಜಪಾನಿನ ಹುಲ್ಲುಮನೆಗಳ ಹಳ್ಳಿ ಅಂದ ಕೂಡಲೇ ಎಲ್ಲರೂ ಹೇಳುವುದು ಶಿರಾಕಾವಾಗೋ. ನಾನು ಅಲ್ಲಿಗೂ ಹೋಗಿದ್ದೇನೆ, ಕ್ಯೋಟೋದ ಉತ್ತರಕ್ಕಿರುವ ಮಿಯಾಮಾಕ್ಕೂ ಹೋಗಿದ್ದೇನೆ, ತೊಯಾಮಾ ಸೀಮೆಯ ಐನೋಕುರಾದಲ್ಲಿ ಉಳಿದಿದ್ದೇನೆ. ನನ್ನ ಮಾತು ಕೇಳುವುದಾದರೆ ಐನೋಕುರಾಕ್ಕೆ ಹೋಗಿ.

ಶಿರಾಕಾವಾಗೋ ಚೆಂದವಿಲ್ಲ ಅಂತಲ್ಲ. ಅಲ್ಲಿನ ಮುಖ್ಯ ಹಳ್ಳಿ ಒಗಿಮಾಚಿಯಲ್ಲಿ ನೂರಕ್ಕೂ ಹೆಚ್ಚು ಹುಲ್ಲುಚಾವಣಿಯ ಕಟ್ಟಡಗಳಿವೆ. ಶಿರೋಯಾಮಾ ಗುಡ್ಡದ ಮೇಲೆ ನಿಂತರೆ ಇಡೀ ಊರು ಕಾಣುತ್ತದೆ. ತಕಾಯಾಮಾ ಪಟ್ಟಣದಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ವಾದಾ ಮನೆತನದ ದೊಡ್ಡ ಮನೆಯಲ್ಲಿ ಅಟ್ಟ ಹತ್ತಿ ಜಂತಿಗಳನ್ನು ಹಗ್ಗದಲ್ಲಿ ಬಿಗಿದಿರುವುದನ್ನು ಹತ್ತಿರದಿಂದ ನೋಡಬಹುದು. ಆದರೆ ಮಧ್ಯಾಹ್ನದ ಹೊತ್ತಿಗೆ ರಸ್ತೆ ತುಂಬ ಪ್ರವಾಸಿಗಳು, ಎರಡೂ ಬದಿ ಅಂಗಡಿಗಳು. ಅಲ್ಲಿ ಬದುಕುವವರನ್ನು ಕಾಣುವುದೇ ಕಷ್ಟ.

ಮಿಯಾಮಾದ ಕಿತಾ ಎಂಬ ಹಳ್ಳಿಯಲ್ಲಿ ಸುಮಾರು 40 ಹುಲ್ಲುಮನೆಗಳಿವೆ. 1993ರಿಂದ ಅದು ಸರ್ಕಾರದ ಸಂರಕ್ಷಿತ ಪ್ರದೇಶ. ಇಲ್ಲಿನ ಚಾವಣಿಯ ಆಕಾರವೇ ಬೇರೆ. ನಾಲ್ಕೂ ಕಡೆ ಇಳಿಜಾರು, ನೆತ್ತಿಯಲ್ಲಿ ಅಡ್ಡಡ್ಡ ಕೂರಿಸಿದ ಮರದ ತುಂಡುಗಳು. ಮುಂದೆ ಹೊಲ, ಹಿಂದೆ ಬೆಟ್ಟ, ಕೆಳಗೆ ಯುರಾ ನದಿ. ಹಿಯೋಶಿವರೆಗೆ ರೈಲು, ಅಲ್ಲಿಂದ ಬಸ್ಸು. ಕ್ಯೋಟೋದಲ್ಲಿ ಇರುವವರಿಗೆ ಒಂದು ದಿನದಲ್ಲಿ ಹೋಗಿಬರಲು ಇದೇ ಸರಿ.

ಐನೋಕುರಾ ಇರುವುದು ಗೋಕಾಯಾಮಾ ಬೆಟ್ಟಗಳ ನಡುವೆ. 1995ರಲ್ಲಿ ಒಗಿಮಾಚಿ ಜೊತೆಗೇ ಯುನೆಸ್ಕೋ ಪಟ್ಟಿಗೆ ಸೇರಿದ್ದರೂ ಜನ ಇಲ್ಲಿಗೆ ಬರುವುದು ಕಡಿಮೆ. ಹುಲ್ಲುಚಾವಣಿಯ ಮನೆಗಳು ಇಪ್ಪತ್ತರಷ್ಟು ಅಷ್ಟೆ. ಅಂಗಳದಲ್ಲಿ ತರಕಾರಿ ಪಾತಿ, ಮನೆಗಳ ನಡುವೆ ಪುಟ್ಟ ಭತ್ತದ ಗದ್ದೆಗಳು. ಊರಿನ ಮೇಲಿನ ಕಾಡನ್ನು ಕಡಿಯಬಾರದೆಂದು ಹಿರಿಯರು ಕಟ್ಟು ಮಾಡಿದ್ದರು, ಯಾಕೆಂದರೆ ಹಿಮ ಜರಿದರೆ ತಡೆಯುವುದು ಆ ಮರಗಳೇ. ಒಗಿಮಾಚಿಯಲ್ಲಿ ಮನೆಯ ಬಾಗಿಲು ಚಾವಣಿ ಇಳಿಯುವ ಬದಿಗೆ, ಇಲ್ಲಿ ತ್ರಿಕೋನದ ಬದಿಗೆ. ಎರಡನ್ನೂ ನೋಡಿದವರಿಗೆ ಈ ವ್ಯತ್ಯಾಸ ತಕ್ಷಣ ಕಣ್ಣಿಗೆ ಬೀಳುತ್ತದೆ.

ಇಲ್ಲಿನ ಮನೆಗಳ ಕಥೆ ನನ್ನನ್ನು ತುಂಬಾ ಹಿಡಿದಿಟ್ಟಿತು. ಅಟ್ಟದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನೆಲದಡಿ ಗುಂಡಿ ತೋಡಿ ಮಣ್ಣು, ಹುಳುವಿನ ಹಿಕ್ಕೆ, ಸೊಪ್ಪು ಪದರ ಪದರವಾಗಿ ತುಂಬಿ ಕೊಳೆಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ಅದು ಸಿಡಿಮದ್ದು ಮಾಡಲು ಕಾಗಾ ಸಂಸ್ಥಾನಕ್ಕೆ ಹೋಗುತ್ತಿತ್ತು. ಬೆಟ್ಟದ ಬಡ ಊರು ಅಂತ ನೋಡಿದರೆ ಒಳಗೆ ಇಷ್ಟೆಲ್ಲಾ ಕೆಲಸ! ನಡುಮನೆಯ ಒಲೆಯ ಹೊಗೆ ಹುಲ್ಲಿಗೂ ಹಗ್ಗಕ್ಕೂ ತಾಗಿ ಹುಳ ಹಿಡಿಯದಂತೆ ಕಾಯುತ್ತದೆ. ಹಾಗಾಗಿ ಒಲೆ ಆರಿದ ಮನೆಯ ಚಾವಣಿ ಬೇಗ ಹಾಳಾಗುತ್ತದೆ. ಹಿಂದೆ ಚಾವಣಿ ಹೊದಿಸಲು ಊರವರೆಲ್ಲ ಸೇರುತ್ತಿದ್ದರು, ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಇದ್ದಂತೆ.

ಉಳಿಯಲು ಇಂಥ ಮನೆಗಳಲ್ಲೇ ಜಾಗ ಸಿಗುತ್ತದೆ. ಮನೆಯವರೇ ಅಡುಗೆ ಮಾಡಿ ಬಡಿಸುತ್ತಾರೆ. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಸಾರು, ಪಲ್ಯ ಎಲ್ಲಕ್ಕೂ ಒಣಮೀನಿನ ರಸ ಬೀಳುತ್ತದೆ. ಬುಕ್ ಮಾಡುವಾಗಲೇ ಜಪಾನಿ ಭಾಷೆಯಲ್ಲಿ ಬರೆದು ತಿಳಿಸಿ, ಅಲ್ಲಿ ಹೋಗಿ ಹೇಳಿದರೆ ಆಗದು. ಗೋಕಾಯಾಮಾದ ತೋಫು ಹಗ್ಗ ಕಟ್ಟಿ ಎತ್ತುವಷ್ಟು ಗಟ್ಟಿ, ಕಾಡುಸೊಪ್ಪುಗಳೂ ಚೆನ್ನಾಗಿರುತ್ತವೆ. ಈ ಊಟಕ್ಕಾಗಿಯೇ ನಾನು ಮತ್ತೆ ಹೋಗಬಲ್ಲೆ.

ಕಷ್ಟ ಇರುವುದು ಬಸ್ಸಿನಲ್ಲಿ. ಶಿನ್-ತಕಾಓಕಾ ರೈಲು ನಿಲ್ದಾಣದಿಂದ ಸುಮಾರು ಒಂದು ಗಂಟೆ ದಾರಿ, ಆದರೆ ದಿನಕ್ಕೆ ಬೆರಳೆಣಿಕೆಯ ಬಸ್ಸುಗಳು. ಐನೋಕುರಾಗುಚಿ ಎಂಬ ನಿಲ್ದಾಣದಲ್ಲಿ ಇಳಿದು ಸ್ವಲ್ಪ ಏರು ನಡೆಯಬೇಕು, ಆದ್ದರಿಂದ ದೊಡ್ಡ ಸೂಟ್‌ಕೇಸ್ ಬೇಡ. ಅದೇ ಬಸ್ಸು ಮುಂದೆ ಗೋಕಾಯಾಮಾದ ಇನ್ನೊಂದು ಹಳ್ಳಿ ಸುಗಾನುಮಾಕ್ಕೂ ಶಿರಾಕಾವಾಗೋಕ್ಕೂ ಹೋಗುತ್ತದೆ. ರಾತ್ರಿ ಐನೋಕುರಾದಲ್ಲಿ ಉಳಿದು, ಬೆಳಗ್ಗೆ ಸುಗಾನುಮಾದಲ್ಲಿ ಇಳಿದು ಪೆಟ್ಲುಪ್ಪಿನ ಮ್ಯೂಸಿಯಂ ನೋಡಿ, ಆಮೇಲೆ ಶಿರಾಕಾವಾಗೋ ದಾಟಿ ತಕಾಯಾಮಾ ಸೇರಬಹುದು.