ರಾತ್ರಿ ಪಾಳಿಗೆ ಪೇಜರ್ರಾ, ಆ್ಯಪ್ಪಾ?

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರ ಸೊಂಟದಲ್ಲಿ ಇನ್ನೂ ಪೇಜರ್, ಅಂದರೆ ಕರೆ ಬಂದಾಗ ಕೂಗುವ ಪುಟ್ಟ ಸಾಧನ, ಕಾಣುತ್ತದೆ. ಇಲ್ಲಿ ಅದನ್ನು ಬ್ಲೀಪ್ ಅಂತಾರೆ. ಊರಿಂದ ಹೊಸದಾಗಿ ಕೆಲಸಕ್ಕೆ ಬಂದವರು ಕೇಳುವುದು ಒಂದೇ: ಇದಿನ್ನೂ ಯಾಕೆ ಬೇಕು? ನಾನು ಬ್ಲೀಪ್ ಹಿಡಿದೂ ರಾತ್ರಿ ಪಾಳಿ ಮಾಡಿದ್ದೇನೆ, ವಾರ್ಡಿನ ಮೆಸೇಜ್ ಬರುವ ಫೋನಿನ ಆ್ಯಪ್ ನಂಬಿಕೊಂಡೂ ಮಾಡಿದ್ದೇನೆ.

ದಿನನಿತ್ಯದ ಕೆಲಸಕ್ಕೆ ಆ್ಯಪ್ಪೇ ಸೈ, ಎರಡು ಮಾತಿಲ್ಲ. ಬ್ಲೀಪ್ ಕೂಗಿದಾಗ ಕಾಣುವುದು ವಾರ್ಡಿನ ಎಕ್ಸ್‌ಟೆನ್ಶನ್ ನಂಬರ್ ಮಾತ್ರ. ರೋಗಿಗೆ ಉಸಿರಾಡಲು ಆಗುತ್ತಿಲ್ಲವೋ, ಸುಮ್ನೆ ಒಂದು ಪ್ಯಾರಾಸಿಟಮಾಲ್ ಬರೆದುಕೊಡಬೇಕೋ, ಗೊತ್ತಾಗುವುದಿಲ್ಲ. ಗ್ಲೌಸ್ ಬಿಚ್ಚಿ, ಫೋನ್ ಹುಡುಕಿ, ಆ ನಂಬರಿಗೆ ಮಾಡಿದರೆ ಎಂಗೇಜ್. ಅಷ್ಟರಲ್ಲಿ ಇನ್ನೊಂದು ವಾರ್ಡ್ ಕೂಗುತ್ತದೆ. ಅತ್ತ ನರ್ಸ್ ಕೂಡ, ಪಾಪ, ಇರುವ ಕೆಲಸ ಬಿಟ್ಟು ಫೋನಿನ ಪಕ್ಕ ಕಾಯಬೇಕು. ಆ್ಯಪ್‌ನಲ್ಲಾದರೆ ಯಾವ ಬೆಡ್, ಏನು ತೊಂದರೆ, ಬಿಪಿ ಎಷ್ಟು ಎಲ್ಲ ಬರೆದೇ ಬರುತ್ತದೆ. ಯಾರನ್ನು ಮೊದಲು ನೋಡಬೇಕು ಅಂತ ನಡೆಯುತ್ತಲೇ ತೀರ್ಮಾನಿಸಬಹುದು.

2019ರಲ್ಲಿ ಬ್ರಿಟನ್ ಸರ್ಕಾರ ಪೇಜರ್‌ಗಳನ್ನು 2021ರ ಕೊನೆಯೊಳಗೆ ತೆಗೆಯಿರಿ ಎಂದಿತು. ಆಗ ಸುಮಾರು 1,30,000 ಪೇಜರ್ ಬಳಕೆಯಲ್ಲಿದ್ದವು, ವರ್ಷಕ್ಕೆ 66 ಲಕ್ಷ ಪೌಂಡ್ ಖರ್ಚು. ತುರ್ತಿಗೆ ಅಂತ ಕೆಲವನ್ನು ಇಟ್ಟುಕೊಳ್ಳಲು ಮಾತ್ರ ಬಿಟ್ಟರು. ಬಿಟ್ಟಿದ್ದು ಒಳ್ಳೆಯದೇ ಆಯಿತು.

ಏಕೆಂದರೆ ಹೃದಯ ನಿಂತಾಗ ಲೆಕ್ಕವೇ ಬೇರೆ. ವಾರ್ಡಿನವರು 2222ಕ್ಕೆ ಫೋನ್ ಮಾಡುತ್ತಾರೆ. ಆಪರೇಟರ್ ಇಡೀ ತಂಡದ ಬ್ಲೀಪ್‌ಗಳನ್ನು ಒಂದೇ ಸಲ ಕೂಗಿಸುತ್ತಾರೆ. ಪುಟ್ಟ ಸ್ಪೀಕರಿನಲ್ಲಿ ಗರಗರ ದನಿ: 'ಅಡಲ್ಟ್ ಕಾರ್ಡಿಯಾಕ್ ಅರೆಸ್ಟ್', ಹಿಂದೆಯೇ ವಾರ್ಡಿನ ಹೆಸರು. ತಿರುಗಿ ಫೋನ್ ಮಾಡುವುದಿಲ್ಲ, ಸ್ಕ್ರೀನ್ ನೋಡುವುದಿಲ್ಲ, ಓಡುವುದಷ್ಟೇ. ನೆಲಮಾಳಿಗೆಯ ಎಕ್ಸ್‌ರೇ ಕೋಣೆಗಳ ಹತ್ತಿರ, ಸೀಸದ ಹಾಳೆ ಹೊದಿಸಿದ ಗೋಡೆಗಳ ನಡುವೆ ನನ್ನ ಫೋನಿನ ವೈಫೈ ಎಷ್ಟೋ ಸಲ ಕೈಕೊಟ್ಟಿದೆ. ಮೇಲೆ ಬಂದ ಮೇಲೆ ಮೆಸೇಜ್‌ಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಅರೆಸ್ಟ್ ಕಾಲ್ ಹಾಗೆ ತಡವಾಗಿ ಬಂದರೆ ಏನು ಪ್ರಯೋಜನ, ಅಲ್ವಾ? ಬ್ಲೀಪ್‌ಗೆ ಆಸ್ಪತ್ರೆಯಲ್ಲೇ ಬೇರೆ ಟ್ರಾನ್ಸ್‌ಮಿಟರ್ ಇರುತ್ತದೆ. ಅದರ ಫ್ರೀಕ್ವೆನ್ಸಿ ವೈಫೈಗಿಂತ ತುಂಬಾ ಕಡಿಮೆ, ಹಾಗಾಗಿ ಗೋಡೆಗಳನ್ನು ದಾಟಿ ಜಾಸ್ತಿ ಒಳಗೆ ಬರುತ್ತದೆ. ಒಂದು ಸಣ್ಣ ಸೆಲ್ ವಾರಗಟ್ಟಲೆ ಬಾಳುತ್ತದೆ. ಚಾರ್ಜ್ ಮುಗಿಯಿತು, ಸೈಲೆಂಟ್‌ನಲ್ಲಿತ್ತು, ಅಪ್‌ಡೇಟ್ ಆಗ್ತಿತ್ತು ಅನ್ನುವ ಮಾತೇ ಇಲ್ಲ.

ಹಾಗಾಗಿ ನಾನು ವಾರ್ಡಿನ ಕೆಲಸಕ್ಕೆ ಆ್ಯಪ್, ಅರೆಸ್ಟ್‌ಗೆ ಬ್ಲೀಪ್ ಅಂತಲೇ ಹೇಳುತ್ತೇನೆ. ಅರೆಸ್ಟ್ ಬ್ಲೀಪ್‌ಗೆ ಆಸ್ಪತ್ರೆಯ ಫೋನ್ ಆಪರೇಟರಿಂದ ದಿನಾ ಟೆಸ್ಟ್ ಕಾಲ್ ಬರುತ್ತದೆ. ನಿಮ್ಮದು ಕೂಗಲಿಲ್ಲ ಅಂದರೆ ಮೊದಲು ಸೆಲ್ ಬದಲಿಸಿ. ಆಗಲೂ ಕೂಗದಿದ್ದರೆ ರೌಂಡ್ಸ್ ಶುರುವಾಗುವ ಮುಂಚೆಯೇ ಹೋಗಿ ಬೇರೆ ಬ್ಲೀಪ್ ತೆಗೆದುಕೊಳ್ಳಿ.