ಕರಡು ಬರೆಯಲು ಬೂದು ಶಾಯಿ: ಕೆಲವು ಬಾಟಲಿಗಳ ಹೋಲಿಕೆ

ಕರಡನ್ನು ಬೂದು ಶಾಯಿಯಲ್ಲಿ ಬರೆದು, ತಿದ್ದುಪಡಿಗಳನ್ನು ಅದರ ಮೇಲೆಯೇ ಕಪ್ಪು ಶಾಯಿಯಲ್ಲಿ ಹಾಕುವುದು ನನ್ನ ರೂಢಿ. ಮುಂಬಯಿಯ ಕನ್ನಡ ಸಂಘಗಳ ಸಂಚಿಕೆಗಳಿಗೆ ಬರೆಯುವಾಗ ಒಂದೇ ಹಾಳೆಯನ್ನು ಹಲವು ಸಲ ತಿದ್ದಬೇಕಾಗುತ್ತದೆ. ಮೊದಲ ಬರಹವೂ ಕಪ್ಪಾಗಿದ್ದರೆ ಯಾವ ಮಾತು ಉಳಿಯಿತು, ಯಾವುದು ಹೋಯಿತು ಎಂಬುದು ಡಿಟಿಪಿ ಮಾಡುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ನನಗೆ ಬೇಕಾದ ಬೂದು ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲೂ ಒತ್ತಕ್ಷರಗಳನ್ನು ಓದಿಸುವಷ್ಟು ಗಾಢವಾಗಿರಬೇಕು, ಕಪ್ಪಿನ ಪಕ್ಕದಲ್ಲಿ ಹಿಂದೆ ಸರಿಯುವಷ್ಟು ತಿಳಿಯಾಗಿಯೂ ಇರಬೇಕು. ಎಲ್ಲ ಶಾಯಿಗಳನ್ನೂ ಫೌಂಟನ್ ಪೆನ್ನಿನ ಒಂದೇ ಫೈನ್ (ಸಣ್ಣ ಗೆರೆಯ) ನಿಬ್ಬಿನಲ್ಲಿ, ಪ್ರಿಂಟರಿಗೆ ಬಳಸುವ ಸಾಧಾರಣ 75 ಜಿಎಸ್‌ಎಂ ಹಾಳೆಯ ಮೇಲೆ ಪರೀಕ್ಷಿಸಿದ್ದೇನೆ.

ಪ್ಯಾರಿಸ್ಸಿನ ಹರ್ಬಿನ್ ಕಂಪನಿಯ ಗ್ರಿ ನುವಾಜ್ ಇವುಗಳಲ್ಲಿ ಅತ್ಯಂತ ತಿಳಿಯಾದದ್ದು. ಅಗಲ ನಿಬ್ಬಿನಲ್ಲಿ ಅಕ್ಷರದ ತಿರುವುಗಳಲ್ಲಿ ಅದರ ಛಾಯೆ ಏರಿಳಿಯುವುದು ನೋಡಲು ಸೊಗಸು. ಆದರೆ ಅಗಲ ನಿಬ್ಬಿನಲ್ಲಿ ಕನ್ನಡ ಬರೆದರೆ ಒತ್ತುಗಳ ಹೊಟ್ಟೆ ಮುಚ್ಚಿಹೋಗುತ್ತದೆ, ಫೈನ್ ನಿಬ್ಬಿಗೆ ಬಂದರೆ ಬರಹವೇ ಮಸುಕಾಗುತ್ತದೆ. ಬರಹಕ್ಕಿಂತ ಚಿತ್ರಕ್ಕೆ ಒಪ್ಪುವ ಶಾಯಿಯಿದು ಎಂದು ಬದಿಗಿಟ್ಟೆ.

ಪೈಲಟ್ ಕಂಪನಿಯ ಇರೋಶಿಜುಕು ಸರಣಿಯ ಎರಡು ಬೂದುಗಳನ್ನು ನೋಡಿದೆ. ಕಿರಿ-ಸಾಮೆ ತುಸು ಬೆಚ್ಚನೆಯ, ತೆಳುವಾದ ಬಣ್ಣ. ಫುಯು-ಶೋಗುನ್ ನೀಲಿಯ ಸೆಳಕುಳ್ಳ, ಇನ್ನಷ್ಟು ಗಾಢವಾದ ಬಣ್ಣ. ನನ್ನ ಅಳತೆಗೆ ಸರಿಯಾಗಿ ಹೊಂದಿದ್ದು ಇದೇ. ಎರಡೂ ನಿಬ್ಬಿನಿಂದ ಸರಾಗವಾಗಿ ಹರಿಯುತ್ತವೆ. ಆದರೆ ಬರೆದ ಹಾಳೆಯನ್ನು ನಲ್ಲಿಯ ಕೆಳಗೆ ಹಿಡಿದಾಗ ಎರಡರ ಬಣ್ಣವೂ ಬಹುಪಾಲು ಇಳಿದುಹೋಯಿತು. ಮಳೆಗಾಲದಲ್ಲಿ ಲೋಕಲ್ ಟ್ರೇನಿನಲ್ಲಿ ಕರಡು ಹೊತ್ತು ಓಡಾಡುವವರು ಇದನ್ನು ಲಘುವಾಗಿ ಕಾಣಬಾರದು.

ಅಮೆರಿಕದ ನೂಡ್ಲರ್ಸ್ ತಯಾರಿಸುವ ಲೆಕ್ಸಿಂಗ್ಟನ್ ಗ್ರೇ ಗೆಲ್ಲುವುದು ಇಲ್ಲಿಯೇ. ಅದರ ಬಣ್ಣ ಕಾಗದದ ಸೆಲ್ಯುಲೋಸ್ ನಾರಿಗೆ ಕಚ್ಚಿಕೊಳ್ಳುವುದರಿಂದ, ಒಣಗಿದ ಬರಹ ನೀರಿಗೆ ಜಗ್ಗುವುದಿಲ್ಲ. ಮೇಲೆ ಕಪ್ಪು ಶಾಯಿಯ ಒದ್ದೆ ಗೆರೆ ಎಳೆದರೂ ಕೆಳಗಿನ ಬೂದು ಕದಡುವುದಿಲ್ಲ. ತಿದ್ದುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ನುಣುಪು ಲೇಪನವಿರುವ ಕಾಗದದಲ್ಲಿ ಮಾತ್ರ ಶಾಯಿ ನಾರನ್ನು ಮುಟ್ಟಲಾರದೆ ಮೇಲೆಯೇ ನಿಲ್ಲುವುದರಿಂದ ಕೈತಗುಲಿದರೆ ಅಳಿಸಿಹೋಗಬಹುದು. ಬಣ್ಣದ ಚೆಲುವಿನಲ್ಲಿ ಇದು ಫುಯು-ಶೋಗುನ್‌ಗೆ ಸಾಟಿಯಲ್ಲ, ಪೆನ್ಸಿಲ್ಲಿನ ಗೆರೆಯಂತೆ ಸಪ್ಪೆ. ಕರಡಿಗೆ ಚೆಲುವೇಕೆ ಎಂದೂ ಕೇಳಬಹುದು.

ಮನೆಯಲ್ಲಿರುವ ಕಪ್ಪು ಶಾಯಿಗೆ ನೀರು ಬೆರೆಸಿದರೆ ಸಾಲದೇ ಎಂದು ಗೆಳೆಯರು ಕೇಳುತ್ತಾರೆ. ಖರ್ಚೇನೋ ಉಳಿಯುತ್ತದೆ. ಆದರೆ ಕಪ್ಪು ಎಂಬುದು ಅನೇಕ ವೇಳೆ ಹಲವು ಬಣ್ಣಗಳ ಬೆರಕೆಯಾದ್ದರಿಂದ, ತೆಳುವಾದಾಗ ಒಳಗಿನ ನೇರಳೆಯೋ ಹಸಿರೋ ಹೊರಬರುತ್ತದೆ, ಪ್ರತಿ ಬೆರಕೆಯ ಛಾಯೆಯೂ ಬೇರೆಯಾಗುತ್ತದೆ. ನೀರಿನೊಂದಿಗೆ ಬೂಷ್ಟು ತಡೆಯುವ ರಾಸಾಯನಿಕವೂ ತೆಳುವಾಗುವುದರಿಂದ, ಮುಂಬಯಿಯ ತೇವದಲ್ಲಿ ಇಂಥ ಶಾಯಿಯನ್ನು ಕೂಡಿಡುವುದು ಜಾಣತನವಲ್ಲ. ಬೆರೆಸಲೇಬೇಕೆಂದಿದ್ದರೆ ಡಿಸ್ಟಿಲ್ಡ್ ವಾಟರ್ ಬಳಸಿ, ಒಂದು ಸಲ ಪೆನ್ನಿಗೆ ತುಂಬುವಷ್ಟೇ ಮಾಡಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಪೆನ್ನಿನಲ್ಲಿ ಲೆಕ್ಸಿಂಗ್ಟನ್ ಗ್ರೇ ಇರುತ್ತದೆ, ಉಳಿದ ತಿಂಗಳುಗಳಲ್ಲಿ ಫುಯು-ಶೋಗುನ್. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ನಿಬ್ಬು ಮತ್ತು ಕನ್ವರ್ಟರನ್ನು (ಪೆನ್ನಿನೊಳಗೆ ಶಾಯಿ ತುಂಬಿಡುವ ಕೊಳವೆ) ತಿಳಿನೀರು ಬರುವವರೆಗೆ ತೊಳೆಯಬೇಕು.